ಜೀವಕೋಶಗಳ ಮುಂದೆ ಧರಣಿ

ಮಬ್ರೂಕಾ ಬೂಅಲ್ಲಾಗ್‌ಗೆ ಎರಡು ಕಸುಬು ಚೆನ್ನಾಗಿ ಬರುತ್ತಿದ್ದವು. ಒಂದು, ಪ್ಲಾಸ್ಟಿಕ್ ತಟ್ಟೆಯಲ್ಲಿ ಮನುಷ್ಯರ ಜೀವಕೋಶ ಸಾಕುವುದು. ಇನ್ನೊಂದು, ಪೊಲೀಸರು ಬಂದು ಎಬ್ಬಿಸಿದರೂ ಏಳದ ಹಾಗೆ ನೆಲದ ಮೇಲೆ ಕೂರುವುದು. ಮೊದಲನೆಯದನ್ನು ಟ್ಯೂನಿಸ್‌ನ ವಿಶ್ವವಿದ್ಯಾಲಯ ಕಲಿಸಿತು. ಎರಡನೆಯದನ್ನು ಸರ್ಕಾರವೇ ಕಲಿಸಿತು. ಪದವಿ ಕೊಟ್ಟು, ಕೆಲಸ ಕೇಳಿದರೆ ಬಾಗಿಲು ಹಾಕಿಕೊಂಡಿತು.

ಗಫ್ಸಾ ಕಡೆಯ ಗಣಿ ಊರು ಅವಳದು. ಅಪ್ಪ ಬದುಕಿದ್ದಷ್ಟು ದಿನ ಫಾಸ್ಫೇಟಿನ ಧೂಳು ಕೆಮ್ಮಿದ. ಅವನು ಸತ್ತ ಮೇಲೆ ಹಾಸಿಗೆ ಕೊಡವಿದರೆ ಅದೇ ಧೂಳು ಎದ್ದಿತು. ಆ ಊರಲ್ಲಿ ಓದಿದ ಹುಡುಗಿಯೆಂದರೆ ಕುಂಟು ಕತ್ತೆಯಿದ್ದ ಹಾಗೆ. ಮನೆಯಲ್ಲಿ ಕಟ್ಟಿ ಮೇಯಿಸಲು ಮನಸ್ಸಿಲ್ಲ, ಸಂತೆಗೆ ಹೊಡೆದರೆ ಕೊಳ್ಳುವವರಿಲ್ಲ. ಕೆಲಸವಿಲ್ಲದ ಪದವೀಧರರ ಜೊತೆ ಸೇರಿ ಅವಳು ಮಂತ್ರಿಯ ಬಾಗಿಲಲ್ಲಿ ಡೇರೆ ಹಾಕಿದಳು, ಲಾಠಿ ತಿಂದಳು, ಅಶ್ರುವಾಯು ಕುಡಿದು ಗಂಟಲು ಕೆಡಿಸಿಕೊಂಡಳು. ಕೊನೆಗೆ ದೇಶವೇ ಎದ್ದು, ಆಳುವವನು ವಿಮಾನ ಹತ್ತಿ ಓಡಿದ. ಆಮೇಲೆ ಬಂದವರು ಡೇರೆಯವರ ಬಾಯಿ ಮುಚ್ಚಿಸಲು ಒಂದಷ್ಟು ನೌಕರಿ ಚೆಲ್ಲಿದರು. ಅದರಲ್ಲಿ ಒಂದು ಅವಳ ಮಡಿಲಿಗೆ ಬಿತ್ತು. ಅಷ್ಟು ಹೊತ್ತಿಗೆ ಅವಳ ತಲೆಯಲ್ಲಿ ಬಿಳಿ ಕೂದಲು ಮೂಡಿತ್ತು, ಮದುವೆಯ ಮಾತು ಆಡುವವರು ಸುಸ್ತಾಗಿ ಸುಮ್ಮನಾಗಿದ್ದರು.

ಕೆಲಸ ಟ್ಯೂನಿಸ್‌ನ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ. ದೇಶದ ಮೂಲೆಮೂಲೆಯ ಆಸ್ಪತ್ರೆಗಳಿಂದ ಅರ್ಥವಾಗದ ಕಾಯಿಲೆಯ ಮಕ್ಕಳ ರಕ್ತ, ಚರ್ಮದ ಚೂರು ಅಲ್ಲಿಗೆ ಬರುತ್ತಿದ್ದವು. ಮಬ್ರೂಕಾ ಅವನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಗುಲಾಬಿ ಬಣ್ಣದ ಆಹಾರ ಹಾಕಿ ಬೆಳೆಸಬೇಕು. ಆರೋಗ್ಯವಂತರ ಕೋಶ ಹೇಗಿರುತ್ತದೆಂದು ಹೋಲಿಸಿ ನೋಡಲು ಅವಳು ತನ್ನದೇ ತೋಳಿನ ಚರ್ಮ ಕೊಟ್ಟಿದ್ದಳು. ರಾಜಧಾನಿಯ ಜನ ಒಳನಾಡಿನವರನ್ನು ‘ಫಲಕದ ಆಚೆಯವರು’ ಎಂದು ಹಂಗಿಸುತ್ತಾರೆ, ಊರಿನ ಹೆಸರು ಬರೆದ ರಸ್ತೆ ಫಲಕ ದಾಟಿದರೆ ಮನುಷ್ಯರೇ ಇಲ್ಲವೆಂಬಂತೆ. ಹಾಗೆ ಅಂದವರಿಗೆ ಅವಳು ತಟ್ಟೆ ತೋರಿಸಿ, ಇಲ್ಲಿ ಆರೋಗ್ಯವೆಂದರೆ ಫಲಕದ ಆಚೆಯ ಚರ್ಮವೇ, ಬೇಕಾದರೆ ಸೂಕ್ಷ್ಮದರ್ಶಕದಲ್ಲಿ ನೋಡಿಕೊಳ್ಳಿ ಎನ್ನುತ್ತಿದ್ದಳು.

ಆ ರಂಜಾನಿನಲ್ಲಿ ಬಂದವಳು ಯಕೀನ್. ಕಸ್ರೀನ್ ಗುಡ್ಡದ ಕಡೆಯ, ಇನ್ನೂ ಶಾಲೆಗೆ ಸೇರದ ಹುಡುಗಿ. ಒಂದು ನೆಗಡಿ ಸಾಕು, ಮೈ ಕೆಂಡವಾಗುತ್ತಿತ್ತು, ಕೀಲು ಬಾತುಕೊಳ್ಳುತ್ತಿತ್ತು, ಚರ್ಮದ ಮೇಲೆ ಕೆಂಪು ದದ್ದು ಏಳುತ್ತಿತ್ತು. ಅವಳ ಅಣ್ಣನೊಬ್ಬ ಇದೇ ರೀತಿ ನೆಗಡಿಯಿಂದ ಶುರುವಾಗಿ ಸತ್ತಿದ್ದ. ತಾಯಿ ಸಾಲ್ಹಾ ಗುಡ್ಡದಲ್ಲಿ ಹಗ್ಗ-ಬುಟ್ಟಿ ಹೆಣೆಯುವ ಹುಲ್ಲು ಕೀಳುವವಳು. ಕೈ ನೋಡಿದರೆ ಗರಗಸದ ಹಾಗೆ. ಮಗಳನ್ನು ಮಕ್ಕಳ ಆಸ್ಪತ್ರೆಗೆ ಸೇರಿಸಿ, ವಾರ್ಡಿನ ನೆಲದ ಮೇಲೆಯೇ ಮಲಗುತ್ತಿದ್ದಳು.

ಆ ಮಗುವಿನ ಚಿಕಿತ್ಸೆ ನೋಡುತ್ತಿದ್ದವರು ಡಾಕ್ಟರ್ ಫಾತೆನ್. ಚುರುಕು ಹೆಂಗಸು, ಕೆಟ್ಟವರಲ್ಲ. ವೈರಸ್ ಒಳಗೆ ನುಗ್ಗಿದಾಗ ಜೀವಕೋಶ ಅಕ್ಕಪಕ್ಕದ ಕೋಶಗಳಿಗೆ ಒಂದು ಕೂಗು ಹಾಕುತ್ತದೆ. ಆ ಕೂಗೂ ಒಂದು ಪ್ರೋಟೀನೇ, ಇಂಟರ್‌ಫೆರಾನ್ ಎನ್ನುತ್ತಾರೆ. ಪಕ್ಕದವರು ಅದನ್ನು ಕೇಳಿಸಿಕೊಂಡು ಬಾಗಿಲು ಭದ್ರ ಮಾಡಿಕೊಳ್ಳುತ್ತಾರೆ. ಈ ಮಗು ಪ್ರತಿ ವೈರಸ್ಸಿಗೂ ಸೋಲುತ್ತಿದೆಯೆಂದರೆ ಎಲ್ಲೋ ಕೂಗು ಸತ್ತಿದೆ ಎಂದು ಫಾತೆನ್ ಲೆಕ್ಕ ಹಾಕಿದರು. ಕೇಳಿಸಿಕೊಳ್ಳುವ ಕಿವಿ ಸರಿಯಿದೆಯೇ ನೋಡಿ ಎಂದು ಚರ್ಮದ ಚೂರು ಕಳಿಸಿದರು.

ಮಬ್ರೂಕಾ ನೋಡಿದಳು. ಬೆಳಗ್ಗೆ ತನ್ನ ಕೋಶಕ್ಕೂ ಮಗುವಿನ ಕೋಶಕ್ಕೂ ಕೂಗಿನ ಹನಿ ಹಾಕಿದಳು. ಮಧ್ಯಾಹ್ನ ಎರಡನ್ನೂ ಕರಗಿಸಿ, ಒಳಗಿನ ಪ್ರೋಟೀನನ್ನು ಕಾಗದದ ಮೇಲೆ ಎಳೆದಳು. ಸಂದೇಶ ಒಯ್ಯುವ ಪ್ರೋಟೀನು ಎಚ್ಚರವಾಗಿದ್ದರೆ ಫಿಲ್ಮಿನ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. ಎರಡರಲ್ಲೂ ಒಂದೇ ಸಮ ಕಪ್ಪು. ಪ್ರಯೋಗಾಲಯದ ಮುಖ್ಯಸ್ಥ, ಎಲ್ಲರೂ ಗೌರವಕ್ಕೆ ‘ಸಿ’ ಸೇರಿಸಿ ಕರೆಯುವ ಸಿ ರಊಫ್, ‘ಸಹಜ’ ಎಂದು ಬರೆದು ಕಳಿಸಿದರು.

ಕಿವಿ ಸರಿಯಿದೆ ಎಂದ ಮೇಲೆ ಕೂಗೇ ಕಡಿಮೆ ಇರಬೇಕು. ಫಾತೆನ್ ತೀರ್ಮಾನಿಸಿದರು: ಹಬ್ಬ ಕಳೆದ ಕೂಡಲೇ ಕೂಗನ್ನು ಹೊರಗಿನಿಂದ ಸೂಜಿಯಲ್ಲಿ ಕೊಡುವುದು. ಲೆಕ್ಕದಲ್ಲಿ ಒಂದೂ ತಪ್ಪಿಲ್ಲ.

ಮಬ್ರೂಕಾಗೆ ಅನುಮಾನ ಬಂದದ್ದು ಸಾಲ್ಹಾಳಿಂದ. ಇನ್ನೊಂದು ಚೂರು ಚರ್ಮ ತರಲು ಆಸ್ಪತ್ರೆಗೆ ಹೋಗಿದ್ದಳು. ಇಬ್ಬರೂ ಒಳನಾಡಿನವರು, ಮಾತು ಬೇಗ ಕುದುರಿತು. ಯಾರ ಊರಿನ ರೊಟ್ಟಿ ದಪ್ಪ, ಯಾರ ಊರಿನ ಪೊಲೀಸ್ ಕೆಟ್ಟವನು ಎಂಬಲ್ಲಿಂದ ಶುರುವಾಗಿ ಮಗುವಿನ ಜ್ವರಕ್ಕೆ ಬಂತು.

“ಎಲ್ಲಾ ಮಕ್ಕಳಿಗೂ ಜ್ವರ ಬರ್ತಾವ ಅಕ್ಕಾ,” ಎಂದಳು ಸಾಲ್ಹಾ. “ನನ್ನ ಮೈದುನನ ಮಕ್ಕಳೂ ಇದ್ದಾವಲ್ಲ, ಒಂದ ಮನ್ಯಾಗ ಒಂದ ನೆಗಡಿ. ಏರೂದು ಎಲ್ಲಾರಿಗೂ ಹಂಗ ಏರ್ತೈತಿ. ಅವರಿಗೆ ಇಳೀತೈತಿ, ನನ್ನ ಕೂಸಿಗೆ ಇಳಿಯೂದಿಲ್ಲ. ಅಷ್ಟ ನೋಡು.”

ಮಬ್ರೂಕಾ ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತು ಹಲ್ಲಿಗೆ ಸಿಕ್ಕ ಮಾಂಸದ ಎಳೆಯ ಹಾಗೆ ಕಾಡಿತು. ಏರುವುದನ್ನು ತಾನು ನೋಡಿದ್ದಳು. ಇಳಿಯುವುದನ್ನು ನೋಡಿದವರು ಯಾರು?

ಯಾರೂ ನೋಡಿರಲಿಲ್ಲ, ಅದಕ್ಕೊಂದು ಕಾರಣವಿತ್ತು. ಆ ದೇಶದಲ್ಲಿ ಬೇಸಿಗೆಯಲ್ಲೂ ರಂಜಾನಿನಲ್ಲೂ ಸರ್ಕಾರಿ ಕೆಲಸ ಒಂದೇ ಪಾಳಿ. ಬೆಳಗ್ಗೆ ಬಂದವರು ಮಧ್ಯಾಹ್ನ ಬೀಗ ಹಾಕಿ ಹೋಗುತ್ತಾರೆ. ಹಾಗಾಗಿ ಆ ಪ್ರಯೋಗಾಲಯದ ಹಳಬರು ಈ ಪರೀಕ್ಷೆಯನ್ನು ಪಾಳಿಯ ಅಳತೆಗೇ ಹೊಲಿದಿಟ್ಟಿದ್ದರು. ಬೆಳಗ್ಗೆ ಹನಿ, ಮಧ್ಯಾಹ್ನ ನೋಟ, ಬೀಗ. ಆಮೇಲೆ ಚಳಿಗಾಲದ ಪೂರ್ತಿ ಪಾಳಿಯಲ್ಲೂ ಅದೇ ರೂಢಿಯಾಯಿತು. ಮಧ್ಯಾಹ್ನ ಕೂಗು ನೆತ್ತಿಗೇರಿರುವ ಹೊತ್ತು. ಸಂಜೆ ಅದು ಏನಾಗುತ್ತದೆ ಎನ್ನುವುದು ಕೋಶಕ್ಕೆ ಗೊತ್ತು, ದೇವರಿಗೆ ಗೊತ್ತು. ಇಬ್ಬರೂ ವರದಿ ಬರೆಯುವವರಲ್ಲ.

ಕೂಗು ಇಳಿಯದಿದ್ದರೆ ಏನಾಗುತ್ತದೆಂದು ಮಬ್ರೂಕಾಗೆ ಪುಸ್ತಕ ಓದದೆಯೂ ಗೊತ್ತಿತ್ತು. ಕ್ರಾಂತಿಯ ಆ ಜನವರಿಯಲ್ಲಿ ಪೊಲೀಸರು ಠಾಣೆ ಬಿಟ್ಟು ಓಡಿದಾಗ, ಅವಳಿದ್ದ ಬಡಾವಣೆಯ ಜನ ತಾವೇ ಕಾವಲು ನಿಂತರು. ತೋಳಿಗೆ ಬಿಳಿ ಬಟ್ಟೆ, ಕೈಗೆ ಸಿಕ್ಕ ದೊಣ್ಣೆ. ಅಪರಿಚಿತ ಗಾಡಿ ಕಂಡರೆ ಮೊದಲ ಬೀದಿಯವನು ದೀಪದ ಕಂಬಕ್ಕೆ ಸರಳಿನಿಂದ ಬಾರಿಸುವುದು. ಅದು ಕೇಳಿ ಮುಂದಿನ ಬೀದಿಯವನು ತನ್ನ ಕಂಬಕ್ಕೆ. ಕ್ಷಣದಲ್ಲಿ ಇಡೀ ಬಡಾವಣೆ ಬಾಗಿಲು ಹಾಕಿ ದೊಣ್ಣೆ ಹಿಡಿಯುತ್ತಿತ್ತು. ಭಲೇ ವ್ಯವಸ್ಥೆ. ಒಂದೇ ಕೊರತೆ, ಬಾರಿಸುವುದು ಎಲ್ಲರಿಗೂ ಗೊತ್ತು, ನಿಲ್ಲಿಸುವುದಕ್ಕೆ ಯಾವ ಗುರುತೂ ಇರಲಿಲ್ಲ. ಕಳ್ಳ ಓಡಿಹೋಗಿ ಎಷ್ಟೋ ಹೊತ್ತಾದರೂ ಕಂಬಗಳು ಒಂದನ್ನೊಂದು ಕೇಳಿಸಿಕೊಂಡು ಬಡಿದುಕೊಳ್ಳುತ್ತಲೇ ಇದ್ದವು. ಹಾಗೆ ಒಂದು ದಿನ, ಕತ್ತಲಾಗುವ ಹೊತ್ತಿಗೆ ರೊಟ್ಟಿ ತರುತ್ತಿದ್ದ ಬೇಕರಿಯವನನ್ನೇ ಹಿಡಿದು ತೋಳು ಮುರಿದರು. ದಿನಾ ಅವನ ರೊಟ್ಟಿ ತಿನ್ನುವವರೇ ಮುರಿದದ್ದು. ಮರುದಿನ ಹೆಂಗಸರು ಸೇರಿ ಉಪಾಯ ಹೂಡಿದರು. ಎಲ್ಲ ಸರಿಯಿದೆಯೆಂದು ಖಾತ್ರಿಯಾದ ಕೂಡಲೇ ಮಾಳಿಗೆಯಿಂದ ಒಬ್ಬಳು, ಮದುವೆಮನೆಯಲ್ಲಿ ನಾಲಿಗೆ ಆಡಿಸಿ ಹಾಕುವ ಲಿಲಿಲಿ ಕೇಕೆ ಹಾಕಬೇಕು. ಅದು ಕೇಳಿದವರು ಸರಳು ಇಳಿಸಬೇಕು. ಕೇಕೆ ಬಿದ್ದ ಮೇಲೂ ದೊಣ್ಣೆ ಬೀಸುವ ಗಂಡಸನ್ನು ‘ಮದುವಣಿಗ ಬಂದ’ ಎಂದು ಗೇಲಿ ಮಾಡುತ್ತಿದ್ದರು. ಆಮೇಲೆ ಆ ಬಡಾವಣೆಯಲ್ಲಿ ಯಾರ ತೋಳೂ ಮುರಿಯಲಿಲ್ಲ.

ಆರೋಗ್ಯವಂತ ಕೋಶದಲ್ಲೂ ಹೀಗೊಂದು ಕೇಕೆ ಇದೆ. ಕೂಗು ಕೇಳಿ ಎದ್ದ ಕೋಶ, ಅದೇ ಗಳಿಗೆಯಲ್ಲಿ ಕೂಗನ್ನು ಇಳಿಸುವ ಪ್ರೋಟೀನನ್ನೂ ತಯಾರಿಸಲು ತೊಡಗುತ್ತದೆ. ಅದು ಹೋಗಿ ಬಾಗಿಲಲ್ಲಿರುವ ಕಿವಿಗೆ ಕೈ ಅಡ್ಡ ಹಿಡಿಯುತ್ತದೆ. ಮಗುವಿನ ಮೈಯಲ್ಲಿ ಕೇಕೆ ಹಾಕುವವಳೇ ಇಲ್ಲದಿದ್ದರೆ? ಅಂಥ ಮೈಗೆ ಫಾತೆನ್ ಹಬ್ಬದ ಮರುದಿನ ಇನ್ನಷ್ಟು ಕೂಗನ್ನು ಸೂಜಿಯಲ್ಲಿ ಚುಚ್ಚುವವರಿದ್ದರು.

ಸಂಜೆಯ ತನಕ ಪ್ರಯೋಗಾಲಯ ತೆರೆದಿಡಬೇಕು ಎಂದು ಅವಳು ಸಿ ರಊಫ್ ಅವರನ್ನು ಕೇಳಿದಳು. ಅವರು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದರು. ಉಪವಾಸದ ಮಧ್ಯಾಹ್ನ, ಕಾಫಿ ಸಿಗರೇಟು ಇಲ್ಲದ ಮನುಷ್ಯ. ರಂಜಾನಿನಲ್ಲಿ ಅನುಮತಿ ಬೇಕಾದರೆ ಮೇಲಿನವರ ಸಹಿ ಬೇಕು, ಮೇಲಿನವರು ಹಬ್ಬದ ಮೇಲೆ ಸಿಗುತ್ತಾರೆ, ಮಗುವಿನ ವರದಿ ಹೋಗಿ ಆಗಿದೆ, ಬೀಗ ಹಾಕುವ ಹೊತ್ತಾಯಿತು ಎಂದರು.

ಮಬ್ರೂಕಾ ಅಂದು ಬೆಳಗ್ಗೆ ಹನಿ ಹಾಕಿದ್ದ ಕೋಶಗಳಲ್ಲಿ ಒಂದು ಪಾಲನ್ನು ಮಧ್ಯಾಹ್ನದ ನೋಟಕ್ಕೆಂದು ಕರಗಿಸಿ ಹಿಮಪೆಟ್ಟಿಗೆಯಲ್ಲಿಟ್ಟಳು, ಉಳಿದ ಎರಡು ತಟ್ಟೆಯ ಹನಿಯನ್ನು ತೊಳೆದು ತೆಗೆದಳು, ಹೊಸ ಆಹಾರ ಹಾಕಿದಳು, ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ಮುಚ್ಚಿದಳು. ಆಮೇಲೆ ಪೆಟ್ಟಿಗೆಗೆ ಬೆನ್ನು ಕೊಟ್ಟು, ಕಾಲು ಮಡಚಿ ನೆಲದ ಮೇಲೆ ಕೂತಳು.

ಸಿ ರಊಫ್‌ಗೆ ಮೊದಲು ಅರ್ಥವಾಗಲಿಲ್ಲ. ತಲೆ ಸುತ್ತು ಬಂತೇ ಎಂದು ಕೇಳಿದರು. ಇಲ್ಲ, ಧರಣಿ ಎಂದಳು.

“ಇದು ಮಂತ್ರಿ ಕಚೇರಿ ಅಲ್ಲ ಕಣಮ್ಮ. ಎದ್ದೇಳು.”

“ಮಂತ್ರಿ ಬಾಗಿಲಾಗ ಇಡೀ ಚಳಿಗಾಲ ಕುಂತಾಕಿ ನಾನು, ಸಿ ರಊಫ್. ಇಲ್ಲಿ ನೆಲಾ ತಂಪೈತಿ, ಮ್ಯಾಲೆ ಫ್ಯಾನ್ ಐತಿ. ಸಂಜೀತನಕ ಕೂಡೂದು ಯಾವ ದೊಡ್ಡ ಮಾತು? ನೀವು ಮನೀಗೆ ಹೋಗ್ರಿ, ತಡಾ ಆದ್ರ ನಿಮ್ಮ ಸಂಜೀ ಸೂಪು ಆರ್ತೈತಿ.”

ಅವರು ಎಲ್ಲರೂ ಚಿಕ್ಕಪ್ಪ ಎನ್ನುವ ಕಾವಲುಗಾರ ಹತ್ತಾಬ್‌ನನ್ನು ಕರೆಸಿದರು. ಹತ್ತಾಬ್ ಬಂದು ನೋಡಿದ. ಅವನಿಗೆ ಮೊಣಕಾಲು ನೋವು, ಯಾರನ್ನೂ ಎತ್ತುವ ಸ್ಥಿತಿಯಲ್ಲಿರಲಿಲ್ಲ. ಇವಳನ್ನು ಎತ್ತಲು ಅಂದು ಏಳು ಜನ ಪೊಲೀಸರು ಬೇಕಾದರಂತೆ, ನಾನು ಒಬ್ಬನೇ ಇದ್ದೇನೆ, ಅದೂ ಉಪವಾಸ ಎಂದ. ಸಿ ರಊಫ್ ಬೈದುಕೊಳ್ಳುತ್ತ ಹೋದರು, ಆದರೆ ವಿದ್ಯುತ್ ಕಡಿಸಲಿಲ್ಲ. ಆ ಮಟ್ಟಿಗೆ ಒಳ್ಳೆಯವರು.

ಉಪವಾಸ ಬಿಡುವ ಹೊತ್ತಾಯಿತೆಂದು ಸಾರುವ ಸಂಜೆಯ ತೋಪು ಹಾರಿತು. ಬೀದಿಯಲ್ಲಿ ಒಂದು ಬೆಕ್ಕೂ ಇಲ್ಲ, ಊರೆಲ್ಲ ತಟ್ಟೆಯ ಮುಂದೆ. ಹತ್ತಾಬ್ ತಂದ ಖರ್ಜೂರ ಬಾಯಿಗೆ ಹಾಕಿಕೊಂಡು, ಮೇಲೊಂದು ಗುಟುಕು ಮಜ್ಜಿಗೆ ಕುಡಿದು, ಮಬ್ರೂಕಾ ಎದ್ದು ಕೋಶಗಳನ್ನು ಕರಗಿಸಿ ಹಿಮಪೆಟ್ಟಿಗೆಗೆ ಸೇರಿಸಿದಳು. ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಕಾಗದಕ್ಕೆ ಎಳೆದಳು, ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದಳು.

ಅವಳ ಸ್ವಂತ ಕೋಶದಲ್ಲಿ ಮಧ್ಯಾಹ್ನದ ಪಟ್ಟಿ ಕಪ್ಪು, ಸಂಜೆಯದು ಖಾಲಿ. ಕೂಗು ಬಂದಿತ್ತು, ಕೇಳಿಸಿಕೊಂಡಿತ್ತು, ಇಳಿಸಿತ್ತು. ಯಕೀನ್‌ಳ ಕೋಶದಲ್ಲಿ ಮಧ್ಯಾಹ್ನ ಕಪ್ಪು, ಸಂಜೆಯೂ ಕಪ್ಪು. ಹನಿ ತೊಳೆದು ಅಷ್ಟು ಹೊತ್ತಾದರೂ ಇಲ್ಲದ ಕಳ್ಳನಿಗಾಗಿ ಕಂಬ ಬಾರಿಸುತ್ತಲೇ ಇತ್ತು.

ಸಿ ರಊಫ್ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಉಪವಾಸದ ಕೈ ನಡುಗಿ ಮಗುವಿನ ತಟ್ಟೆ ಸರಿಯಾಗಿ ತೊಳೆದಿಲ್ಲ, ಹನಿ ಉಳಿದಿದೆ ಎಂದರು. ಹಾಗಿದ್ದರೆ ನೀವೇ ತೊಳೆಯಿರಿ ಎಂದಳು ಮಬ್ರೂಕಾ. ಮಾತು ಬೆಳೆಯಿತು. ನನಗೆ ತೊಳೆಯುವುದು ಕಲಿಸುತ್ತೀಯಾ ಎಂದು ಅವರು, ಸಂಜೆಯವರೆಗೆ ಇರಲು ಹೆಂಡತಿಯ ಅಪ್ಪಣೆ ಸಿಗದಿದ್ದರೆ ಹೇಳಿ ಎಂದು ಇವಳು. ಕೊನೆಯ ಮಾತು ನಾಟಿತು. ಸಿ ರಊಫ್ ಕೋಟು ಹಾಕಿಕೊಂಡರು.

ಅವತ್ತು ಅವರೇ ಹನಿ ಹಾಕಿದರು, ಅವರೇ ತೊಳೆದರು, ಅತ್ತೆಯ ಎದುರು ಹೊಸ ಸೊಸೆ ಪಾತ್ರೆ ತೊಳೆದಂತೆ ಮತ್ತೆಮತ್ತೆ ತೊಳೆದರು. ಮಬ್ರೂಕಾ ಇನ್ನೊಂದು ಜೊತೆ ತಟ್ಟೆ ಸೇರಿಸಿದ್ದಳು, ತನ್ನದೊಂದು, ಮಗುವಿನದೊಂದು. ಒಮ್ಮೆ ಕೂಗು ಕೇಳಿದ ಕೋಶಕ್ಕೆ ಸಂಜೆ ಇನ್ನೊಂದು ಹನಿ ಹಾಕಿದರೆ ಏನೆನ್ನುತ್ತದೆ ನೋಡೋಣ ಎಂದು. ತೋಪು ಹಾರಿದಾಗ ಮೂವರೂ ಮೊಗಸಾಲೆಯ ನೆಲದ ಮೇಲೆ ಪತ್ರಿಕೆ ಹಾಸಿ ಕೂತರು. ಹತ್ತಾಬ್‌ನ ಹೆಂಡತಿ ಮೊಟ್ಟೆ ತುಂಬಿ ಕರಿದ ಬ್ರಿಕ್ ಕಳಿಸಿದ್ದಳು. ಸಿ ರಊಫ್ ಕಚ್ಚಿದ ಕೂಡಲೇ ಹಳದಿ ಒಡೆದು ಬಿಳಿ ಕೋಟಿನ ಮೇಲೆ ಸುರಿಯಿತು.

“ಪರವಾಗಿಲ್ಲ ಬಿಡಿ ಸಾಹೇಬ್ರೇ,” ಎಂದ ಹತ್ತಾಬ್, “ತೊಳೆಯೋದ್ರಲ್ಲಿ ತಾವು ಪಳಗಿದ್ದೀರಲ್ಲ.”

ಸಿ ರಊಫ್ ನಕ್ಕದ್ದನ್ನು ಆ ಕಟ್ಟಡ ಬಹಳ ವರ್ಷದಿಂದ ನೋಡಿರಲಿಲ್ಲ.

ಮರುದಿನದ ಫಿಲ್ಮು ಹಿಂದಿನ ದಿನದ್ದರ ಅವಳಿಯಂತಿತ್ತು. ಹೊಸ ತಟ್ಟೆಗಳದಂತೂ ಇನ್ನೂ ಸ್ಪಷ್ಟ. ಎರಡನೇ ಹನಿಗೆ ಮಬ್ರೂಕಾಳ ಕೋಶ ತಲೆಯೆತ್ತಲಿಲ್ಲ, ಕೇಳಿಯಾಗಿದೆ ನಡಿ ಎಂದಿತು. ಮಗುವಿನದು ಮೊದಲನೆಯದಕ್ಕಿಂತ ಜೋರಾಗಿ ಬೊಬ್ಬೆ ಹೊಡೆಯಿತು. ಸಿ ರಊಫ್ ಫಿಲ್ಮು ಲಕೋಟೆಗೆ ಹಾಕಿದರು, ಕಾರಿನ ಕೀಲಿ ತೆಗೆದುಕೊಂಡರು, ಬಾಗಿಲಲ್ಲಿ ತಿರುಗಿ, ಬಾ, ನೀನೇ ಹೇಳು ಎಂದರು.

ಡಾಕ್ಟರ್ ಫಾತೆನ್ ಸುಲಭಕ್ಕೆ ಬಗ್ಗುವವರಲ್ಲ. ಸೂಜಿಯ ಔಷಧ ತರಿಸಲು ಅವರು ಎಲ್ಲೆಲ್ಲೋ ಕಾಡಿ ಬೇಡಿದ್ದರು, ಆ ಪೊಟ್ಟಣ ಆಗಲೇ ವಾರ್ಡಿನ ಫ್ರಿಜ್ಜಿನಲ್ಲಿತ್ತು. ಮೊದಲು ‘ಸಹಜ’ ಎಂದು ಬರೆದವರು ಈಗ ಹೀಗೆ ಬಂದರೆ ಯಾವುದನ್ನು ನಂಬಲಿ ಎಂದು ರೇಗಿದರು. ಅದು ನ್ಯಾಯವೇ. ಸಿ ರಊಫ್ ಲಕೋಟೆಯನ್ನು ಮಬ್ರೂಕಾಳ ಕೈಗೆ ದಾಟಿಸಿದರು.

“ಹಾಗಾದ್ರೆ ಹೇಳಿ ಲಲ್ಲಾ ಮಬ್ರೂಕಾ,” ಎಂದರು ಫಾತೆನ್, ಅಮ್ಮಾವ್ರೇ ಎನ್ನುವ ಹಾಗೆ, “ಒಂದು ಚೂರು ಚರ್ಮ ನೋಡ್ಕೊಂಡು ನಾನು ಇಡೀ ಚಿಕಿತ್ಸೆ ತಿರುಗಿಸ್ಲಾ?”

“ತಿರುಗಿಸಬ್ಯಾಡ್ರಿ. ಈಗ ಸೂಜಿ ಅಷ್ಟ ತಡೀರಿ. ವೈರಸ್ಸು ಈ ಕೂಸಿನ್ನ ಕೊಲ್ಲಾಕತ್ತಿಲ್ಲ ಡಾಕ್ಟ್ರೇ, ಕಾವಲಿನವರು ಕೊಲ್ಲಾಕತ್ಯಾರ. ಅವರ ಕೈಯಾಗ ನೀವು ಮತ್ತೊಂದು ದೊಣ್ಣಿ ಕೊಡಾಕ ಹೊಂಟೀರಿ. ಇವತ್ತ ಮೈಯಾಗ ನೆಗಡಿ ಐತೇನು ನೋಡ್ರಿ. ನೆಗಡಿ ಇಲ್ಲದ ದಿನಾನೂ ರಕ್ತದಾಗ ಕೂಗು ಇದ್ದರ, ಆವಾಗ ನನ್ನ ಮಾತು ನಂಬ್ರಿ.”

ಫಾತೆನ್ ಫಿಲ್ಮನ್ನು ಬೆಳಕಿಗೆ ಹಿಡಿದು ಪಟ್ಟಿಗಳನ್ನು ಒಂದೊಂದಾಗಿ ಹೋಲಿಸಿದರು. ಆಮೇಲೆ ದಾದಿಯನ್ನು ಕರೆದು ಮಗುವಿನ ಮೂಗಿನ ಮಾದರಿ, ರಕ್ತ ತೆಗೆಯಲು ಹೇಳಿದರು. ಮೂಗಿನಲ್ಲಿ ಒಂದೂ ವೈರಸ್ ಸಿಗಲಿಲ್ಲ. ರಕ್ತದಲ್ಲಿ ಮಾತ್ರ ಕೂಗಿಗೆ ಎದ್ದು ನಿಲ್ಲುವ ಜೀನುಗಳೆಲ್ಲ ಜಾತ್ರೆ ನೆರೆದ ಹಾಗೆ ನೆರೆದಿದ್ದವು. ಅಂದು ಫಾತೆನ್ ಫ್ರಿಜ್ಜಿನ ಪೊಟ್ಟಣ ತೆಗೆಸಿ, ಅದು ನಿಜಕ್ಕೂ ಬೇಕಾದ ಬೇರೆ ವಾರ್ಡಿಗೆ ಕಳಿಸಿಬಿಟ್ಟರು. ತಪ್ಪು ಗೊತ್ತಾದ ಮೇಲೆ ಒಂದು ಗಂಟೆಯೂ ಹಟ ಹಿಡಿಯಲಿಲ್ಲ. ಈ ಗುಣವನ್ನು ಮಬ್ರೂಕಾ ಯಾವ ಮಂತ್ರಿಯಲ್ಲೂ ಕಂಡಿರಲಿಲ್ಲ.

ಕಿವಿಯಿಂದ ಒಳಕ್ಕೆ ಸಂದೇಶ ದಾಟಿಸುವ ಪ್ರೋಟೀನಿನ ಕೈ ಹಿಡಿದುಕೊಳ್ಳುವ ಒಂದು ಮಾತ್ರೆ ಇದೆ. ರಕ್ತದ ಬೇರೊಂದು ಕಾಯಿಲೆಗೆಂದು ಮಾಡಿದ್ದು. ಫಾತೆನ್ ಅಳೆದು ಸುರಿದು, ಕೂಗು ಪೂರ್ತಿ ಸಾಯದಂತೆ ಇಳಿಯುವಷ್ಟು ಮಾತ್ರ ಕೊಡಲು ಶುರು ಮಾಡಿದರು. ಪೂರ್ತಿ ಸತ್ತರೆ ನಿಜವಾದ ಕಳ್ಳನೇ ನುಗ್ಗುತ್ತಾನೆ. ಹಬ್ಬ ಬಂತು. ಸಾಲ್ಹಾ ವಾರ್ಡಿನಲ್ಲಿಯೇ ಹಬ್ಬ ಮಾಡಿದಳು, ಯಾರೋ ಕೊಟ್ಟ ಖರ್ಜೂರದ ಮಕ್ರೂದ್ ಸಿಹಿ ಎಲ್ಲರಿಗೂ ಹಂಚಿದಳು, ಮಗಳು ಮಾತ್ರ ತಿನ್ನಲು ಬಾಯಿ ತೆರೆಯಲಿಲ್ಲ.

ಹಬ್ಬವಾಗಿ ಒಂದು ವಾರದ ಮೇಲೆ ಮಬ್ರೂಕಾ ಆಸ್ಪತ್ರೆಗೆ ಹೋದಾಗ ವಾರ್ಡಿನ ಬಾಗಿಲಲ್ಲೇ ಜಗಳ ಕೇಳಿಸಿತು. ಯಕೀನ್ ಹಾಸಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಕೆಂಪು ದದ್ದು ಬಾಡಿ ಕಂದಾಗಿತ್ತು, ಬಾತ ಮೊಣಕಾಲಲ್ಲಿ ಮತ್ತೆ ಚಿಪ್ಪು ಕಾಣುತ್ತಿತ್ತು. ಅವಳಿಗೆ ರೊಟ್ಟಿ ಬೇಕು, ರೊಟ್ಟಿಗೆ ಹರೀಸಾ ಖಾರ ಬೇಕು. ದಾದಿ ಖಾರ ಕೂಡದು ಎನ್ನುತ್ತಿದ್ದಳು. ಖಾರವಿಲ್ಲದ ರೊಟ್ಟಿಯನ್ನು ನಿನ್ನ ಗಂಡನಿಗೆ ಕೊಡು ಎಂದು ಹುಡುಗಿ ಹೇಳುತ್ತಿದ್ದಳು. ಆ ಮಾತು ಯಾರ ಬಾಯಿಂದ ಕಲಿತದ್ದೆಂದು ಎಲ್ಲರೂ ಸಾಲ್ಹಾಳ ಕಡೆ ನೋಡಿದರು.

ಫಾತೆನ್ ಬಂದು ಮಗುವಿನ ಹಣೆ ಮುಟ್ಟಿದರು. ತಣ್ಣಗಿತ್ತು. ನಿನ್ನೆಯೂ ತಣ್ಣಗಿತ್ತು, ಮೊನ್ನೆ ಪಕ್ಕದ ಹಾಸಿಗೆಯ ಹುಡುಗ ನೆಗಡಿಯಲ್ಲಿ ಸೀನಿದ ಮೇಲೂ ಒಂದಿಷ್ಟು ಏರಿ ತಾನಾಗಿ ಇಳಿಯಿತು ಎಂದು ಮಬ್ರೂಕಾಗೆ ಹೇಳಿದರು. ಆಮೇಲೆ ದಾದಿಯ ಕಡೆ ತಿರುಗಿ, ಒಂದು ಚೂರು ಖಾರ ಹಚ್ಚಿ ಕೊಡಿ ಎಂದರು.

ಸಾಲ್ಹಾ ಮಗಳು ರೊಟ್ಟಿ ಕಚ್ಚುವುದನ್ನು ನೋಡಿದಳು. ಕಣ್ಣೀರು ಗಿಣ್ಣೀರು ಏನೂ ಇಲ್ಲ. ಗರಗಸದಂಥ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ನಾಲಿಗೆ ಆಡಿಸಿ, ಗುಡ್ಡದಿಂದ ಗುಡ್ಡಕ್ಕೆ ಕೇಳಿಸುವ ಹಾಗೆ ಒಂದು ಕೇಕೆ ಹಾಕಿದಳು. ಅದು ಮೊಗಸಾಲೆ ದಾಟಿ ಮೆಟ್ಟಿಲಿಳಿಯಿತು. ಪಕ್ಕದ ಹಾಸಿಗೆಯ ತಾಯಿ ಎದ್ದು ದನಿಗೂಡಿಸಿದಳು. ಖಾರ ಕೂಡದು ಎಂದಿದ್ದ ದಾದಿಯೂ ಟ್ರೇ ಕೆಳಗಿಟ್ಟು ಸೇರಿಕೊಂಡಳು. ಅಶ್ರುವಾಯು ಕುಡಿದ ಮಬ್ರೂಕಾಳ ಗಂಟಲಿನಿಂದ ಹೊರಟದ್ದು ಕೇಕೆಯೋ ತುಕ್ಕು ಹಿಡಿದ ಬಾಗಿಲ ಸದ್ದೋ ಹೇಳುವುದು ಕಷ್ಟ, ಆದರೂ ಅವಳು ಬಿಡಲಿಲ್ಲ. ಕೆಳಗಿನ ಅಂತಸ್ತಿನವರು ಯಾರ ಮದುವೆಯೆಂದು ನೋಡಲು ಮೆಟ್ಟಿಲು ಹತ್ತಿ ಬಂದರು. ಮಬ್ರೂಕಾ ಸಿ ರಊಫ್ ಅವರಿಗೆ ಫೋನಿನಲ್ಲೇ ಆ ಕೇಕೆ ಕೇಳಿಸಿದಳು. ಅವರು ಆ ಕಡೆಯಿಂದ, ಸಂಜೆಯ ಕೀಲಿ ಇನ್ನು ನಿನ್ನ ಹತ್ತಿರವೇ ಇರಲಿ, ಇನ್ನು ಮೇಲೆ ಪ್ರತಿ ಮಗುವಿನ ಕೋಶಕ್ಕೂ ಸಂಜೆಯ ನೋಟ ಆಗಲೇಬೇಕು, ಹತ್ತಾಬ್‌ಗೆ ಹೇಳಿದ್ದೇನೆ ಎಂದರು. ಮಬ್ರೂಕಾಳ ಧರಣಿಗಳಲ್ಲಿ ಇಷ್ಟು ಬೇಗ ಗೆದ್ದದ್ದು ಇದೊಂದೇ.

ಯಕೀನ್ ಎರಡೂ ಕಿವಿ ಮುಚ್ಚಿಕೊಂಡಳು. ಬಾಯಲ್ಲಿ ರೊಟ್ಟಿ, ತುಟಿಯ ಮೇಲೆ ಕೆಂಪು ಖಾರ.

“ಸಾಕ್ ಬಿಡ್ರೇ,” ಎಂದಳು. “ಇನ್ನೊಂದ್ ರೊಟ್ಟಿ ತರ್ರಿ.”